ನಲವತ್ತಾರು ಲಕ್ಷದ ಜಾಲತಾಣ, ಮೂವತ್ತು ದಿನಾರಿನ ಪೆರ್ಸಿದಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಫೆಬ್ರುವರಿಯ ಚಳಿಗೆ ವ್ರೆಲೊವಾಟ್ಸ್ ಊರಿನ ಒಲೆಹೊಗೆ ಮೇಲೇಳಲಾರದೆ ಹೆಂಚಿನ ಮೇಲೇ ಮಲಗಿಕೊಂಡಿದೆ. ಮೇಲುಕೇರಿಯ ಒಂದು ಹಸಿರು ಗೇಟಿನ ಮುಂದೆ ಪೆರ್ಸಿದಾ ನಿಂತಿದ್ದಾರೆ. ಕೈಗವಸು ಕಳಚಿ, ಬೀಗದ ಕೈಯಿಂದ ಕಬ್ಬಿಣವನ್ನು ಟಣಟಣ ಬಡಿಯುತ್ತಾರೆ. ನಾಯಿ ಬೊಗಳುತ್ತದೆ. ಒಳಗೆ ಯಾರೋ ಕೆಮ್ಮುತ್ತಾರೆ. ಆಗ ಪೆರ್ಸಿದಾ ಕೇಳುವ ಪ್ರಶ್ನೆಯನ್ನು ಸಂಬಳಕ್ಕಾಗಿ ಕೇಳುವವರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ.

"ಲ್ಯುಬಿಸಾವ್ ದೊಡ್ಡಪ್ಪಾ, ಬದುಕಿದ್ದೀಯಾ?"

"ಇಲ್ಲ. ರಾತ್ರಿನೇ ಹೋದೆ. ಒಳಗೆ ಬಾ, ಕಾಫಿ ಕುಡ್ಕೊಂಡು ಹೋಗು."

ಎಂಬತ್ತೆಂಟು ವರ್ಷದ ಲ್ಯುಬಿಸಾವ್ ಕೆನ್ನೆಯ ಮೇಲೆ ಸೋಪಿನ ನೊರೆ ಹೊತ್ತುಕೊಂಡೇ ಬಾಗಿಲು ತೆಗೆಯುತ್ತಾರೆ. ಇವತ್ತು ಬಂದೇ ಬರುತ್ತೇನೆಂದು ಪೆರ್ಸಿದಾ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಹಾಗಾಗಿ ಗಡ್ಡ ಹೆರೆದುಕೊಂಡು, ಇರುವ ನಾಲ್ಕು ಕೂದಲನ್ನು ನೀರು ಹಚ್ಚಿ ಬಾಚಿ, ಮದುವೆಗೆ ಹೊರಟವರಂತೆ ಕೋಟು ಹಾಕಿಕೊಳ್ಳುತ್ತಾರೆ. ಪೆರ್ಸಿದಾ ಕೋಟಿನೊಳಗಿಂದ ಇವತ್ತಿನ ಪತ್ರಿಕೆ ತೆಗೆದು ಅವರ ಕೈಗೆ ಕೊಡುತ್ತಾರೆ. ತಾರೀಕು ಕಾಣುವ ಹಾಗೆ ಎದೆಗೆ ಹಿಡಿದುಕೊಂಡು ನಿಲ್ಲಬೇಕು. ಮನುಷ್ಯ ಬದುಕಿದ್ದಾನೆ ಎನ್ನುವುದಕ್ಕೆ ಪುರಸಭೆ ಒಪ್ಪುವ ಪುರಾವೆ ಅದೊಂದೇ.

"ಒತ್ತೆಯಾಳು ಹಿಡ್ಕೊಂಡಿರೋರ ಥರ ಇದೆ ನೀನು ಮಾಡೋದು," ಎನ್ನುತ್ತಾರೆ ಲ್ಯುಬಿಸಾವ್. "ನನ್ನ ಬಿಡೋಕೆ ಎಷ್ಟು ಕೇಳ್ತೀಯ?"

"ನಿನಗೆ ಯಾರು ಕೊಡ್ತಾರೆ ದೊಡ್ಡಪ್ಪ? ಸುಮ್ನೆ ನಿಂತ್ಕೊ."

ಫೋಟೋ ಆಗುತ್ತದೆ. ಪೆರ್ಸಿದಾ ಪುರಸಭೆಯ ಫೋನಿನಲ್ಲಿ ಒಂದು ಪುಟ ತೆರೆಯುತ್ತಾರೆ. ಊರಿನ ಸ್ಮಶಾನದ ಜಾಲತಾಣ ಅದು. ಅದರಲ್ಲಿ ಲ್ಯುಬಿಸಾವ್ ಅವರ ಕಲ್ಲಿನ ಮುಖ, ಪಕ್ಕದಲ್ಲಿ ಹೆಂಡತಿ ಯಾಗೋದಾ ಅವರದು. ಯಾಗೋದಾ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಲ್ಯುಬಿಸಾವ್ ಸತ್ತದ್ದು ಹೋದ ಅಕ್ಟೋಬರಿನ ಒಂದು ಮಂಗಳವಾರ ಎಂದು ಬರೆದಿದೆ. ಅದರ ಕೆಳಗೆ ಏಳು ಮೇಣದ ಬತ್ತಿಗಳು ಗಾಳಿಯೇ ಇಲ್ಲದ ಕಡೆ ಅಲ್ಲಾಡುತ್ತಿವೆ. ಹಚ್ಚಿದವರು ದೂರದ ನೆಂಟರು, ಒಂದೊಂದಕ್ಕೆ ಇನ್ನೂರು ದಿನಾರ್ ಕೊಟ್ಟು. ಯಾರು ಯಾರು ಹಚ್ಚುತ್ತಾರೆ ನೋಡಬೇಕೆಂಬ ಆಸೆಗೆ ಬಿದ್ದೇ ಈ ಮುದುಕ ಮೂರು ತಿಂಗಳು ಫೋಟೋಗೆ ಸಿಗದೆ ತಪ್ಪಿಸಿಕೊಂಡು ತಿರುಗಿದ್ದು.

"ಯಾಗೋದಾಗೆ ಎಷ್ಟಿದೆ?"

"ಮೂರು."

ಲ್ಯುಬಿಸಾವ್ ಮುಖದಲ್ಲಿ ತೃಪ್ತಿ. "ಅವಳಿದ್ದಾಗಲೂ ಹಂಗೇ. ಜನಕ್ಕೆ ನಾನು ಅಂದ್ರೇನೇ ಇಷ್ಟ."

ಪೆರ್ಸಿದಾ ಬೆರಳು ಒತ್ತುತ್ತಾರೆ. ಲ್ಯುಬಿಸಾವ್ ಸತ್ತವರ ಪಟ್ಟಿಯಿಂದ ಇಳಿದುಹೋಗುತ್ತಾರೆ. ಇವರು ನಾನೂರ ಹನ್ನೊಂದನೆಯವರು. ಇನ್ನು ಉಳಿದಿರುವುದು ಒಂದೇ ಹೆಸರು. ಆ ಹೆಸರು ಪೆರ್ಸಿದಾ ಅವರದ್ದೇ.

ಓದುವವರು ಎದೆ ಮುಟ್ಟಿಕೊಳ್ಳುವುದು ಬೇಡ. ಇದು ದೆವ್ವದ ಕಥೆಯಲ್ಲ, ಪುರಸಭೆಯ ಕಥೆ. ದೆವ್ವಗಳಿಗಾದರೂ ಸ್ವಲ್ಪ ನಾಚಿಕೆ ಇರುತ್ತದೆ.

ಪೆರ್ಸಿದಾ ಅವರಿಗೆ ಅರವತ್ತೇಳು. ನದಿ ದಂಡೆಯ ನೂಲಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಕಾರ್ಖಾನೆ ಮುಚ್ಚಿದಾಗ ಮಾಲೀಕರು ಕೊಟ್ಟದ್ದು ಒಂದು ಕಾಗದ, ಒಂದು ಹೂಗುಚ್ಛ. ಹೂಗುಚ್ಛ ಬಾಡುವ ಮೊದಲೇ ಸ್ಮಶಾನ ಗುಡಿಸುವ ಕೆಲಸ ಹಿಡಿದರು. ಗಂಡ ಟ್ಸ್ವೆಟ್ಕೊ ಊರಿನ ನೀರು ಸರಬರಾಜಿನಲ್ಲಿದ್ದವರು. ಯಾರ ಮನೆಯ ಕೊಳಾಯಿ ಒಡೆದರೂ ಊಟ ಬಿಟ್ಟು ಎದ್ದು ಹೋಗುತ್ತಿದ್ದ ಮನುಷ್ಯ. ಆರು ವರ್ಷದ ಹಿಂದೆ ಅವರು ತೀರಿಕೊಂಡಾಗ ಪೆರ್ಸಿದಾ ಎಲ್ಲರೂ ಮಾಡುವ ಹಾಗೇ ಮಾಡಿದರು. ಒಂದೇ ಕಪ್ಪು ಕಲ್ಲು ತರಿಸಿ, ಅದರ ಮೇಲೆ ಎರಡು ಮುಖ ಕೊರೆಸಿದರು.

ಇಲ್ಲಿ ಅದೇ ರೂಢಿ. ಗಂಡ ಹೋದರೆ ಹೆಂಡತಿಯ ಮುಖ, ಹೆಂಡತಿ ಹೋದರೆ ಗಂಡನ ಮುಖ, ಅದೇ ಕಲ್ಲಿನ ಮೇಲೆ ಅದೇ ದಿನ ಕೂರುತ್ತದೆ. ಒಂದೇ ಸಲಕ್ಕೆ ಎರಡು ಕೊರೆಸಿದರೆ ಅಗ್ಗ, ಮುಂದೆ ಮಕ್ಕಳಿಗೂ ಖರ್ಚಿಲ್ಲ. ಹೋದವರಿಗೆ ಎರಡು ವರ್ಷ: ಹುಟ್ಟಿದ್ದು, ಸತ್ತದ್ದು. ಇದ್ದವರಿಗೆ ಒಂದು ವರ್ಷ, ಒಂದು ಅಡ್ಡಗೆರೆ, ಆಮೇಲೆ ಬರೀ ಕಲ್ಲು. ಆ ಬರಿಯ ಜಾಗವನ್ನು ನೋಡಿ ಊರಿನಲ್ಲಿ ಯಾರೂ ಬೆಚ್ಚುವುದಿಲ್ಲ. ಪೆರ್ಸಿದಾ ಅವರಂತೂ ವಾರಕ್ಕೊಮ್ಮೆ ತಮ್ಮ ಮುಖದ ಮೇಲಿನ ಹಕ್ಕಿಯ ಹಿಕ್ಕೆ ತಾವೇ ಉಜ್ಜುತ್ತಾರೆ.

"ಅದ್ರಲ್ಲಿ ಹೆದರೋದೇನಿದೆ ಮಗನೇ? ಬಸ್ಸಲ್ಲಿ ಸೀಟಿಗೆ ಕರ್ಚೀಫ್ ಹಾಕಿಟ್ಟ ಹಾಗೆ. ಬಸ್ಸು ಬಂದಾಗ ಹತ್ತೋದು. ಅವಸರ ಏನು?" ಎಂದು ಕೇಳಿದವರಿಗೆ ಹೇಳುತ್ತಾರೆ.

ಬಸ್ಸು ಹೊತ್ತಿಗೆ ಮೊದಲೇ ಬಂತು. ತಂದದ್ದು ಪುರಸಭೆ.

ಹೋದ ವರ್ಷ ಪುರಸಭೆಗೆ ಹೊರಗಿನಿಂದ ಒಂದು ಅನುದಾನ ಸಿಕ್ಕಿತು. ಊರಿನ ಅರ್ಧ ಜನ ವಿಯೆನ್ನಾದಲ್ಲೋ ಗ್ರಾಟ್ಸ್‌ನಲ್ಲೋ ಇದ್ದಾರೆ. ಅವರು ಅಲ್ಲೇ ಕೂತು ಅಪ್ಪ ಅಮ್ಮನ ಗೋರಿ ನೋಡಲಿ, ದೀಪ ಹಚ್ಚಲಿ, ದುಡ್ಡು ಕಟ್ಟಲಿ ಎಂದು ಸಕಲ ಸೌಲಭ್ಯದ ಒಂದು ಜಾಲತಾಣ ಮಾಡಿಸುವುದೆಂದು ಠರಾವಾಯಿತು. ರಾಜಧಾನಿಯ ಒಂದು ಕಂಪನಿ ಐವತ್ತು ಲಕ್ಷ ದಿನಾರಿನ ಅಂದಾಜು ಕಳಿಸಿತು. ಪುರಸಭೆಯ ಕಾರ್ಯದರ್ಶಿ ವೆರೋಲ್ಯುಬ್ ಕೆಂಪು ಪೆನ್ನು ಹಿಡಿದು ಕೂತು ಅದನ್ನು ನಲವತ್ತಾರಕ್ಕೆ ಇಳಿಸಿದರು. ಆ ಪೆನ್ನಿನ ಬಗ್ಗೆ ಇವತ್ತಿಗೂ ಅವರಿಗೆ ಹೆಮ್ಮೆ.

ಏನೇನಕ್ಕೆ ಎಷ್ಟೆಷ್ಟು ಎನ್ನುವುದನ್ನು ಹೊಟ್ಟೆ ಗಟ್ಟಿ ಮಾಡಿಕೊಂಡು ಕೇಳಬೇಕು. ಗೋರಿ ಗೋರಿಗೂ ದಾರಿ ತೋರಿಸುವ ನಕ್ಷೆಗೆ ಒಂಬತ್ತು ಲಕ್ಷ. ಕಲ್ಲಿನ ಫೋಟೋ ನೋಡಿ ಹೆಸರು, ತಾರೀಕು ತಾನೇ ಓದಿಕೊಳ್ಳುವ ಯಂತ್ರಕ್ಕೆ ಹನ್ನೆರಡು. ಸಾವಿನ ಸುದ್ದಿಯನ್ನು ನೆಂಟರಿಗೆ ತಾನಾಗಿ ತಲುಪಿಸುವ ವ್ಯವಸ್ಥೆಗೆ ಐದು. ಕಾರ್ಡಿನಲ್ಲಿ ದುಡ್ಡು ಕಟ್ಟುವುದಕ್ಕೆ, ಮೂರು ಭಾಷೆಗೆ, ಹೂವು ತರಿಸುವುದಕ್ಕೆ ಇನ್ನಷ್ಟು. ಮೇಣದ ಬತ್ತಿಯ ಚಿತ್ರ ಅಗ್ಗವೇ, ಆದರೆ ಅದರ ಕುಡಿ ಅಲ್ಲಾಡಬೇಕೆಂದರೆ ಬೇರೆ ಎಂಬತ್ತು ಸಾವಿರ. ಕಾರ್ಯದರ್ಶಿಗಳು ಅಲ್ಲಾಡಲಿ ಎಂದರು. ಆ ಕುಡಿ ಅಲ್ಲಾಡುವ ಬೆಲೆಗೆ ಪೆರ್ಸಿದಾ ಮೂರು ತಿಂಗಳು ಊಟ ಮಾಡುತ್ತಾರೆ, ಸೌದೆ ತರುತ್ತಾರೆ, ರಕ್ತದೊತ್ತಡದ ಮಾತ್ರೆ ನುಂಗುತ್ತಾರೆ.

ಹಾಗಾದರೆ ಕೆಂಪು ಪೆನ್ನು ಹೊಡೆದುಹಾಕಿದ್ದೇನು? "ಯಂತ್ರ ಓದಿದ್ದನ್ನು ಮನುಷ್ಯರಿಂದ ಪರಿಶೀಲಿಸುವುದು, ನಾಲ್ಕು ಲಕ್ಷ." ಅಷ್ಟು ದೊಡ್ಡ ಪಟ್ಟಿಯಲ್ಲಿ ಮನುಷ್ಯ ಎಂಬ ಮಾತು ಬಂದದ್ದು ಆ ಒಂದು ಸಾಲಿನಲ್ಲಿ ಮಾತ್ರ. ಯಂತ್ರವೇ ಓದುವಾಗ ಮನುಷ್ಯ ಯಾಕೆ ಎಂದು ಕಾರ್ಯದರ್ಶಿಗಳು ಕೇಳಿದರಂತೆ. ಕೋಣೆಯಲ್ಲಿದ್ದವರೆಲ್ಲ ಹೌದಲ್ಲ ಎಂದರಂತೆ. ಅವರಲ್ಲಿ ಮೂವರ ಮುಖ ಆಗಲೇ ಕಲ್ಲಿನ ಮೇಲಿತ್ತು. ಒಬ್ಬರಿಗೂ ಅದು ಹೊಳೆಯಲಿಲ್ಲ. ದಿನಾ ಕಾಣುವ ವಸ್ತು ಹಾಗೆಯೇ, ಕಣ್ಣಿಗೆ ಬೀಳುವುದೇ ಇಲ್ಲ.

ಅಕ್ಟೋಬರಿನಲ್ಲಿ ಪೆರ್ಸಿದಾ ಕೈಗೆ ಪುರಸಭೆ ಒಂದು ಫೋನು ಕೊಟ್ಟಿತು. ಒಂದೊಂದೇ ಕಲ್ಲು ತೊಳೆದು ಫೋಟೋ ಹಿಡಿಯಬೇಕು, ಗುಡಿಸುವ ಕೂಲಿಯಲ್ಲೇ. ಪೆರ್ಸಿದಾ ಬಕೆಟ್ಟು, ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಇಳಿದರು. ಅಕ್ಷರಗಳ ಸಂದಿಯ ಪಾಚಿ ಕೆರೆದರು. ಟ್ಸ್ವೆಟ್ಕೊ ಕಲ್ಲನ್ನಂತೂ ಮನೆಯಿಂದ ವಿನೆಗರ್ ತಂದು ಹೊಳೆಯುವಂತೆ ಉಜ್ಜಿದರು. "ನಾನೇ ನನ್ನ ಮುಖ ತೊಳೆದು ಆ ಯಂತ್ರದ ಬಾಯಿಗೆ ಇಟ್ಟೆ. ಕೊಳಕಾಗಿ ಬಿಟ್ಟಿದ್ರೆ ಓದ್ತಾನೇ ಇರಲಿಲ್ಲ. ಕೆಲಸ ಚೆನ್ನಾಗಿ ಮಾಡಿದ್ದೇ ತಪ್ಪಾಯ್ತು ನೋಡು."

ಯಂತ್ರ ಓದಿತು. ಕಲ್ಲಿನ ಮೇಲೆ ಮುಖ ಇದೆ, ಹೆಸರಿದೆ, ಹುಟ್ಟಿದ ವರ್ಷವಿದೆ. ಸತ್ತ ತಾರೀಕು ಇಲ್ಲ. ತಾರೀಕಿನ ಜಾಗ ಖಾಲಿ ಬಿಡಬಾರದೆಂದು ಯಂತ್ರಕ್ಕೆ ಹೇಳಿಕೊಟ್ಟಿದ್ದರು. ಖಾಲಿ ಕಂಡಲ್ಲೆಲ್ಲ ಅದು ತನ್ನ ಕೈಗೆ ಫೋಟೋ ಬಂದ ದಿನವನ್ನೇ ತುಂಬಿತು. ಹೀಗೆ ವ್ರೆಲೊವಾಟ್ಸ್ ಊರಿನಲ್ಲಿ ಒಂದೇ ತಿಂಗಳಿಗೆ ನಾನೂರ ಹನ್ನೆರಡು ಮಂದಿ ಸತ್ತರು. ಯುದ್ಧದಲ್ಲೂ ಈ ಊರು ಅಷ್ಟು ಹೆಣ ಕಂಡಿರಲಿಲ್ಲ.

ಜಾಲತಾಣ ತೆರೆದದ್ದು ನವೆಂಬರಿನಲ್ಲಿ, ಸತ್ತವರ ಶನಿವಾರದ ಹಿಂದಿನ ದಿನ. ಮರುದಿನ ಇಡೀ ಊರು ಬೇಯಿಸಿದ ಸಿಹಿ ಗೋಧಿ, ರೊಟ್ಟಿ, ಹೆಂಡ ಹಿಡಿದು ಗೋರಿಗಳಿಗೆ ಹೋಗುವ ದಿನ. ಅದಕ್ಕೆ ಸರಿಯಾಗಿ ಮಧ್ಯಾಹ್ನ ಸಂಸ್ಕೃತಿ ಭವನದಲ್ಲಿ ಸಭೆ. ಗೋಡೆಯಗಲದ ಪರದೆ. ಪುರಸಭೆ ಅಧ್ಯಕ್ಷರು ಭಾಷಣ ಮುಗಿಸಿ ಗುಂಡಿ ಒತ್ತಿದರು, ಜನ ಚಪ್ಪಾಳೆ ತಟ್ಟಿದರು. ಯಾವುದಾದರೂ ಹೆಸರು ಹೇಳಿ, ಹುಡುಕಿ ತೋರಿಸುತ್ತೇವೆ ಎಂದರು. ಹಿಂದಿನಿಂದ ಯಾರೋ ಟ್ಸ್ವೆಟ್ಕೊ ಎಂದು ಕೂಗಿದರು. ಕೊಳಾಯಿ ಟ್ಸ್ವೆಟ್ಕೊ ಗೊತ್ತಿಲ್ಲದವರು ಯಾರು? ಪೆರ್ಸಿದಾ ಬಾಗಿಲ ಹತ್ತಿರ ಕಸಬರಿಗೆ ಹಿಡಿದು ನಿಂತಿದ್ದರು, ಸಭೆ ಮುಗಿದ ಮೇಲೆ ಗುಡಿಸುವುದಕ್ಕೆ.

ಪರದೆಯ ಮೇಲೆ ಗಂಡ ಬಂದರು. ಪಕ್ಕದಲ್ಲಿ ಹೆಂಡತಿ ಬಂದರು. ಇಬ್ಬರಿಗೂ ಸತ್ತ ತಾರೀಕು, ಇಬ್ಬರ ಕೆಳಗೂ ಅಲ್ಲಾಡುವ ಬತ್ತಿ.

"ಮೊದ್ಲು ಅನ್ಸಿದ್ದು ಏನು ಗೊತ್ತಾ? ಫೋಟೋ ಚೆನ್ನಾಗಿ ಬಂದಿದೆ ಅಂತ. ಆಮೇಲೆ ತಾರೀಕು ನೋಡ್ದೆ. ಮಂಗಳವಾರ. ಆ ಮಂಗಳವಾರ ನಾನು ಸ್ಮಶಾನದಿಂದ ಬಂದು ಅಂಗಳದಲ್ಲಿ ಕೂತು ಎರಡು ಮೂಟೆ ದಪ್ಪ ಮೆಣಸಿನಕಾಯಿ ಸುಟ್ಟಿದ್ದೆ, ಚಳಿಗಾಲದ ಚಟ್ನಿಗೆ. ಕೈಯೆಲ್ಲಾ ಉರೀತಿತ್ತು. ಸತ್ತವಳ ಕೈ ಉರಿಯುತ್ತಾ?"

ಸಭೆಯಲ್ಲಿದ್ದವರು ಒಬ್ಬೊಬ್ಬರಾಗಿ ತಿರುಗಿ ಬಾಗಿಲ ಕಡೆ ನೋಡಿದರು. ಕೆಲವರು ಶಿಲುಬೆಯ ಗುರುತು ಮಾಡಿಕೊಂಡರು. ಪೆರ್ಸಿದಾ ಕಸಬರಿಗೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು, ತಾವು ಇದ್ದೇವೆ ಎನ್ನುವುದಕ್ಕೆ ಅದೇ ಸಾಕ್ಷಿ ಎಂಬಂತೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಒಂದು ಫೋನು ಬಡಿದುಕೊಂಡಿತು. ಬೇಕರಿಯ ಮಿಲೆವಾ ಎತ್ತಿದರು. ಆ ಕಡೆಯಿಂದ ಬಂದ ಅಳು ಮೂರು ಸಾಲಿಗೆ ಕೇಳಿಸಿತು.

"ನಾನೇ ಕಣೇ ಮಾತಾಡ್ತಿರೋದು," ಎಂದರು ಮಿಲೆವಾ. "ಯಾರು ಸತ್ತಿದ್ದು? ನಾನಾ?"

ಆಮೇಲೆ ಎರಡನೆಯ ಫೋನು. ಐದನೆಯದು. ಇಪ್ಪತ್ತನೆಯದು. ಅಧ್ಯಕ್ಷರು ಗುಂಡಿ ಒತ್ತಿದ್ದೇ ತಡ, ಐದು ಲಕ್ಷದ ವ್ಯವಸ್ಥೆ ಒಂದೇ ಒಂದು ತಪ್ಪಿಲ್ಲದೆ ಕೆಲಸ ಮಾಡಿತ್ತು. ಪರದೇಶದಲ್ಲಿರುವ ಎಲ್ಲ ನೆಂಟರಿಗೂ ಸಂದೇಶ: ನಿಮ್ಮ ಪ್ರೀತಿಪಾತ್ರರು ಅಗಲಿದ್ದಾರೆ, ದೀಪ ಹಚ್ಚಲು ಇಲ್ಲಿ ಒತ್ತಿ. ಭವನದ ತುಂಬಾ ಮುದುಕ ಮುದುಕಿಯರು ಕಿವಿಗೆ ಫೋನು ಹಿಡಿದು, ನಾನು ಸತ್ತಿಲ್ಲ, ನಾನು ಸತ್ತಿಲ್ಲ ಎಂದು ಕೂಗುತ್ತಿದ್ದರು. ಅಧ್ಯಕ್ಷರು ಮೈಕು ಕೆಳಗಿಟ್ಟು ಹಿಂಬಾಗಿಲಿನಿಂದ ಹೋದರು. ನಾಚಿಕೆಯಿಂದಲ್ಲ, ಅವರಿಗೂ ಫೋನು ಬಂದಿತ್ತು. ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು.

ಪೆರ್ಸಿದಾ ತಮ್ಮ ಫೋನನ್ನು ಎಂದಿನಂತೆ ಮನೆಯಲ್ಲಿ, ಫ್ರಿಜ್ಜಿನ ಮೇಲೆ ಬಿಟ್ಟು ಬಂದಿದ್ದರು. ಅದು ಅಲ್ಲೇ ಎಷ್ಟೋ ಸಲ ಬಡಿದುಕೊಂಡು ಸುಮ್ಮನಾಗಿತ್ತು. ಭವನ ಗುಡಿಸಿ, ಕುರ್ಚಿ ಮಡಿಸಿಟ್ಟು ಕತ್ತಲಾದ ಮೇಲೆ ಮನೆಗೆ ಬಂದವರು ಅದನ್ನು ನೋಡದೆ ಮಲಗಿದರು.

ಬೆಳಗಾಗುವ ಹೊತ್ತಿಗೆ ಗೇಟಿನ ಸದ್ದಾಯಿತು. ಪೆರ್ಸಿದಾ ಶಾಲು ಹೊದ್ದು ಬಾಗಿಲು ತೆಗೆದರೆ, ತಲೆಯಿಂದ ಕಾಲಿನವರೆಗೆ ಕಪ್ಪು ಉಟ್ಟ ಹೆಂಗಸು. ತಂಗಿ ಝಿವಾನಾ. ವಿಯೆನ್ನಾದ ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಸಂದೇಶ ನೋಡಿದ್ದಾಳೆ, ಫೋನು ಮಾಡಿದ್ದಾಳೆ, ಅಕ್ಕ ಎತ್ತಲಿಲ್ಲ. ಎತ್ತದ ಮೇಲೆ ಅನುಮಾನವೆಲ್ಲಿ ಉಳಿಯಿತು? ಅಡುಗೆಮನೆಯಲ್ಲಿ ಅವಸರದಲ್ಲಿ ಗೋಧಿ ಬೇಯಿಸಿಕೊಂಡು, ಅಕ್ರೋಟು ಪುಡಿ ಮಾಡಿ ಬೆರೆಸಿ, ಬಸ್ಸು ಹಿಡಿದಿದ್ದಾಳೆ. ಹನ್ನೆರಡು ಗಂಟೆ ಆ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ ಇಲ್ಲದವಳಾಗಿ ಕೂತು ಬಂದಿದ್ದಾಳೆ.

ಅಕ್ಕ ಶಾಲು ಹೊದ್ದು ಎದುರಿಗೆ ನಿಂತಿದ್ದಾಳೆ. ಝಿವಾನಾ ಪಾತ್ರೆಯನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟಳು. ಮುಂದೆ ಬಂದಳು. ಅಕ್ಕನ ಕೆನ್ನೆಗೆ ಫಟಾರನೆ ಒಂದು ಬಾರಿಸಿದಳು. ಆಮೇಲೆ ಅದೇ ಕೈಯಿಂದ ಕುತ್ತಿಗೆಗೆ ಜೋತುಬಿದ್ದಳು.

"ಫೋನ್ ಯಾಕೆ ಎತ್ಲಿಲ್ಲ ನೀನು?"

"ಫ್ರಿಜ್ ಮೇಲಿತ್ತು."

"ಫ್ರಿಜ್ಜಿಗೆ ಬೆಂಕಿ ಹಾಕ."

ಆ ದಿನ ಇಬ್ಬರೂ ಅಡುಗೆಮನೆಯಲ್ಲಿ ಕೂತು ಪೆರ್ಸಿದಾ ತಿಥಿಯ ಗೋಧಿಯನ್ನು ತಿಂದು ಮುಗಿಸಿದರು. "ಸಕ್ಕರೆ ಕಮ್ಮಿ ಹಾಕಿದ್ಲು," ಎಂದು ಪೆರ್ಸಿದಾ ಈಗಲೂ ದೂರುತ್ತಾರೆ. "ನಾನು ಸತ್ತರೂ ಅವಳು ಜುಗ್ಗತನ ಬಿಡಲ್ಲ." ನಗುತ್ತಾರೆ, ನಗು ನಡುವೆಯೇ ನಿಂತುಹೋಗುತ್ತದೆ. ಅಂದಿನಿಂದ ಝಿವಾನಾ ದಿನಾ ಬೆಳಿಗ್ಗೆ ಫೋನು ಮಾಡುತ್ತಾಳೆ. ಮಾತಾಡುವುದಿಲ್ಲ. ಅಕ್ಕ ಹಲೋ ಅನ್ನುವುದನ್ನು ಕೇಳಿ ಇಟ್ಟುಬಿಡುತ್ತಾಳೆ. ಜಾಲತಾಣಕ್ಕೆ ತಗುಲಿದ ಖರ್ಚಿನಲ್ಲಿ ಇದನ್ನು ಎಲ್ಲಿ ಬರೆದಿದ್ದಾರೆ? ಬರೆದಿಲ್ಲ. ಬರೆಯುವುದೂ ಇಲ್ಲ.

ಸೋಮವಾರ ಪೆರ್ಸಿದಾ ಪುರಸಭೆಗೆ ಹೋದರು. ನನ್ನ ಹೆಸರು ತೆಗೆಯಿರಿ ಎಂದರು. ಕಾರ್ಯದರ್ಶಿ ವೆರೋಲ್ಯುಬ್ ತೆಗೆಯಬಹುದು ಎಂದರು, ಆದರೆ. ಜಾಲತಾಣ ಒಪ್ಪಿಸಿಯಾಗಿದೆ, ಇನ್ನು ತಿದ್ದುಪಡಿಗೆ ಕಂಪನಿ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳುತ್ತದೆ. ಮುಚ್ಚಿಬಿಡೋಣವೆಂದರೆ ಅನುದಾನ ವಾಪಸು ಕೊಡಬೇಕು. ಒಂದೇ ಏಟಿಗೆ ಎಲ್ಲ ತೆಗೆದರೆ ನಿಜವಾಗಿ ಸತ್ತವರೂ ಹೋಗುತ್ತಾರೆ. ಇದ್ದವರು ಯಾರು, ಹೋದವರು ಯಾರು ಎಂದು ಒಬ್ಬೊಬ್ಬರನ್ನೇ ನೋಡಿ ಹೇಳುವವರು ಬೇಕು. ಅಂದರೆ ಕೆಂಪು ಪೆನ್ನು ಪಟ್ಟಿಯಿಂದ ಹೊಡೆದುಹಾಕಿದ್ದ ಆ ಮನುಷ್ಯನೇ ಈಗ ಬೇಕು.

"ನೀವೇ ಮಾಡಿಬಿಡಿ ಪೆರ್ಸಕ್ಕ," ಎಂದರು ಕಾರ್ಯದರ್ಶಿಗಳು. "ಹೇಗೂ ಊರೆಲ್ಲ ತಿರುಗ್ತೀರಿ. ತಲೆಗೆ ಮೂವತ್ತು ದಿನಾರ್ ಹಾಕಿಸ್ತೀನಿ."

ನಾಲ್ಕು ಲಕ್ಷದ ಕೆಲಸ ಹನ್ನೆರಡು ಸಾವಿರಕ್ಕೆ ಇಳಿಯಿತು. ನಲವತ್ತಾರು ಲಕ್ಷದ ಯಂತ್ರದ ಬಾಲಕ್ಕೆ ಒಂದು ಮುದುಕಿಯನ್ನು ಕಟ್ಟಿ ಓಡಿಸುವುದಕ್ಕೆ ನಮ್ಮಲ್ಲಿ ಆಧುನಿಕತೆ ಎನ್ನುತ್ತಾರೆ.

ಪೆರ್ಸಿದಾ ಒಪ್ಪಿಕೊಂಡರು. ಯಾಕೆ ಎಂದು ಕೇಳಿದರೆ ಮಿಲೆವಾ, ಝಿವಾನಾ ಎಂದು ಎರಡೇ ಹೆಸರು ಹೇಳುತ್ತಾರೆ. ಅಂದಿನಿಂದ ನಸುಕಿನಲ್ಲೇ ಹೊರಡುತ್ತಾರೆ. ಮುದುಕರು ಹಸು ಕರೆದು, ಸಂತೆಗೋ ಆಸ್ಪತ್ರೆಯ ಸಾಲಿಗೋ ಹೊರಡುವ ಮೊದಲೇ ಹಿಡಿಯಬೇಕು. ಎಂಟಕ್ಕೆ ಫೋನನ್ನು ಕಚೇರಿಗೆ ಒಪ್ಪಿಸಬೇಕು, ಅಲ್ಲಿನ ಗುಮಾಸ್ತರಿಗೆ ಅದು ಬೇಕು. ಪತ್ರಿಕೆ ಮಾತ್ರ ಅವರದೇ ಖರ್ಚು, ದಿನಕ್ಕೆ ಅರವತ್ತು ದಿನಾರ್. ಒಬ್ಬರೇ ಸಿಕ್ಕ ದಿನ ಒಬ್ಬರನ್ನು ಬದುಕಿಸಿದ್ದಕ್ಕೆ ಮೂವತ್ತು ದಿನಾರ್ ಕೈಬಿಟ್ಟ ಹಾಗಾಯಿತು. ಅದನ್ನು ಅವರು ಲೆಕ್ಕ ಹಾಕುವುದಿಲ್ಲ. ಓದಿದ ಪತ್ರಿಕೆಯಲ್ಲಿ ಒಲೆ ಹೊತ್ತಿಸುತ್ತಾರೆ.

ಹೆಸರು ತೆಗೆಯುವಾಗ ಯಂತ್ರ ಕಾರಣ ಕೇಳುತ್ತದೆ. ಆರಿಸಿಕೊಳ್ಳಲು ಮೂರು ಕಾರಣ ಕೊಟ್ಟಿದ್ದಾರೆ: ಕಾಗುಣಿತ ತಪ್ಪು, ಕುಟುಂಬದ ಕೋರಿಕೆ, ನಕಲು. ಬದುಕಿದ್ದಾರೆ ಎಂಬ ಕಾರಣ ಇಲ್ಲ. ಅದನ್ನು ಸೇರಿಸುವುದಕ್ಕೆ ಕಂಪನಿ ತೊಂಬತ್ತು ಸಾವಿರ ಕೇಳಿತು. ಪುರಸಭೆ ಬೇಡವೆಂದಿತು. ಹಾಗಾಗಿ ಪೆರ್ಸಿದಾ ಎಲ್ಲರಿಗೂ ನಕಲು ಎಂದೇ ಒತ್ತುತ್ತಾರೆ. ಈ ಊರಿನ ನಾನೂರಕ್ಕೂ ಹೆಚ್ಚು ಜೀವಂತ ಜನ ಇವತ್ತು ದಾಖಲೆಯಲ್ಲಿ ನಕಲುಗಳು.

ಎಲ್ಲ ಬಾಗಿಲೂ ಲ್ಯುಬಿಸಾವ್ ಬಾಗಿಲಿನಂತಲ್ಲ. ಕೆಲವರು ಪೆರ್ಸಿದಾ ಗೇಟಿನ ಹತ್ತಿರ ಬಂದರೆ ಉಗುಳಿ ಒಳಗೆ ಹೋಗುತ್ತಿದ್ದರು, ಅಪಶಕುನ ಎಂದು. ಒಬ್ಬರು ನಾಯಿ ಬಿಟ್ಟರು. ಸೇತುವೆ ಪಕ್ಕದ ಸ್ಟಾಮೆಂಕಾ ಎಂಬ ವಿಧವೆ ಮಾತ್ರ ಪತ್ರಿಕೆಯನ್ನು ಮಗುವಿನಂತೆ ತಬ್ಬಿ ನಿಂತು, ಕೊನೆಗೂ ನಾನು ಇದ್ದೀನಾ ನೋಡಲು ಒಬ್ಬರು ಬಂದರಲ್ಲ ಎಂದಿದ್ದರು. ಹದಿನೈದು ದಿನಕ್ಕೆ ಸ್ಟಾಮೆಂಕಾ ನಿಜವಾಗಿಯೇ ಹೋದರು. ತೆಗೆದ ಹೆಸರನ್ನು ಮತ್ತೆ ಹಾಕಬೇಕಾಯಿತು. ಆ ಸಂಜೆ ಪೆರ್ಸಿದಾ ಕಾರ್ಡಿಲ್ಲದೆ, ಬಟನ್ನಿಲ್ಲದೆ, ಸ್ಮಶಾನದ ಗಾಳಿಯಲ್ಲಿ ಐದು ಕಡ್ಡಿ ಗೀರಿ ಒಂದು ಬತ್ತಿ ಹಚ್ಚಿ ಬಂದರು. ಅದರ ಕುಡಿಯೂ ಅಲ್ಲಾಡಿತು. ಯಾರೂ ಎಂಬತ್ತು ಸಾವಿರ ಕೇಳಲಿಲ್ಲ.

ಇಷ್ಟೆಲ್ಲ ಮಾಡಿದವರು ತಮ್ಮದನ್ನು ಮಾತ್ರ ಯಾಕೆ ಕೊನೆಗೆ ಇಟ್ಟುಕೊಂಡರು? ಲ್ಯುಬಿಸಾವ್ ಅಡುಗೆಮನೆಯಲ್ಲಿ ಕಾಫಿಯ ಗಸಿ ಕೆಳಗೆ ಕೂರಲಿ ಎಂದು ಕಾಯುತ್ತ ಪೆರ್ಸಿದಾ ಹೇಳುತ್ತಾರೆ:

"ಮೊದಲ ದಿನವೇ ನನ್ನದು ತೆಗೆದುಬಿಟ್ಟಿದ್ರೆ ಉಳಿದವರದ್ದು ತೆಗೆಯೋ ಸಿಟ್ಟು ಎಲ್ಲಿಂದ ತರಲಿ? ದಿನಾ ಬೆಳಿಗ್ಗೆ ಅದನ್ನ ನೋಡ್ತಿದ್ದೆ. ನನ್ನ ಮುಖ, ಮಂಗಳವಾರ, ಬತ್ತಿ. ಚಪ್ಪಲಿ ತಾನಾಗೇ ಕಾಲಿಗೆ ಬರ್ತಿತ್ತು."

ಈಗ ಇನ್ಯಾರೂ ಉಳಿದಿಲ್ಲ. ಲ್ಯುಬಿಸಾವ್ ಪತ್ರಿಕೆಯನ್ನು ಅವರ ಕೈಗೆ ಕೊಟ್ಟು, ಫೋನು ತಾವು ಹಿಡಿಯುತ್ತಾರೆ. ಪೆರ್ಸಿದಾ ತಲೆವಸ್ತ್ರ ಬಿಚ್ಚಿ, ಕೂದಲು ಸವರಿಕೊಂಡು, ಮತ್ತೆ ಕಟ್ಟಿಕೊಳ್ಳುತ್ತಾರೆ. ಮೊದಲ ಚಿತ್ರದಲ್ಲಿ ಮುದುಕನ ಹೆಬ್ಬೆರಳು. ಎರಡನೆಯದರಲ್ಲಿ ಪೆರ್ಸಿದಾ, ಪತ್ರಿಕೆ, ಹಿಂದೆ ಒಲೆ. ಕಲ್ಲಿನ ಮೇಲಿನ ಮುಖಕ್ಕಿಂತ ಆರು ವರ್ಷ ಹೆಚ್ಚಾದ ಮುಖ.

ಬೆರಳು ಇನ್ನೂ ಒತ್ತಿಲ್ಲ, ಅಷ್ಟರಲ್ಲಿ ಫೋನೇ ಬಡಿದುಕೊಳ್ಳುತ್ತದೆ. ಕಂಪನಿಯ ಒಗ್ನ್ಯೆನ್, ಎಂಟಕ್ಕೆ ಮೊದಲೇ ಹಿಡಿಯಬೇಕೆಂದು. ಇಪ್ಪತ್ತಾರು ವರ್ಷದ ಹುಡುಗ, ಈ ಇಡೀ ಗೋಜಲಿನಲ್ಲಿ ಪೆರ್ಸಿದಾ ಅವರ ಕ್ಷಮೆ ಕೇಳಿದ ಒಬ್ಬನೇ ಒಬ್ಬ. ಮುಂದಿನ ವಾರ ಜಿಲ್ಲೆಯ ಅತ್ಯುತ್ತಮ ಜಾಲತಾಣ ಎಂದು ವ್ರೆಲೊವಾಟ್ಸ್ ಪುರಸಭೆಗೆ ಬಹುಮಾನ ಬರುತ್ತಿದೆಯಂತೆ. ಹೌದು, ಇದಕ್ಕೇ. ಅಧ್ಯಕ್ಷರು, ಕಾರ್ಯದರ್ಶಿಗಳು, ಕಂಪನಿಯ ಯಜಮಾನರು ವೇದಿಕೆ ಹತ್ತುತ್ತಾರಂತೆ. ಅಷ್ಟರೊಳಗೆ ಬದುಕಿರುವ ಒಂದು ಹೆಸರೂ ಉಳಿಯಬಾರದೆಂದು ಮೇಲಿನಿಂದ ಅಪ್ಪಣೆಯಾಗಿದೆ. ಒಂದು ಇನ್ನೂ ಕಾಣುತ್ತಿದೆಯಲ್ಲ ದೊಡ್ಡಮ್ಮ ಎನ್ನುತ್ತಾನೆ ಒಗ್ನ್ಯೆನ್, ತಾನೇ ತಪ್ಪು ಮಾಡಿದವನಂತೆ.

ಪೆರ್ಸಿದಾ ಪುಟವನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಉರುಳಿಸುತ್ತಾರೆ. ತೀರಾ ತಳದಲ್ಲಿ ಸಣ್ಣ ಅಕ್ಷರದಲ್ಲಿ ಜಾಲತಾಣ ಕಟ್ಟಿದವರ ಹೆಸರುಗಳಿವೆ. ಅನುದಾನ ಕೊಟ್ಟವರು. ಅಧ್ಯಕ್ಷರು. ಕಾರ್ಯದರ್ಶಿ ವೆರೋಲ್ಯುಬ್. ಕಂಪನಿ. ಬತ್ತಿಯ ಚಿತ್ರ ಬರೆದವನ ಹೆಸರು ಕೂಡ ಇದೆ. ಕನ್ನಡಕವನ್ನು ಹಣೆಗೆ ಏರಿಸಿ, ಫೋನನ್ನು ಬಾಯಿಯ ಹತ್ತಿರ ಹಿಡಿಯುತ್ತಾರೆ.

"ಮಗನೇ, ಸತ್ತವರ ಜೊತೆ ನನ್ನ ಹೆಸರು ಹಾಕೋಕೆ ನೀವು ಒಂದು ದಿನಾರೂ ತಗೊಳ್ಳಲಿಲ್ಲ. ಈ ಕೆಳಗೆ, ಕೆಲಸ ಮಾಡಿದವರ ಜೊತೆ ಹಾಕೋಕೆ ಎಷ್ಟಾಗುತ್ತೆ?"

ಆ ಕಡೆ ಕಾಗದ ಮಗುಚುವ ಸದ್ದು. ಲ್ಯುಬಿಸಾವ್ ಕೈಯಲ್ಲಿನ ಕಾಫಿ ಬಟ್ಟಲು ಅರ್ಧ ದಾರಿಯಲ್ಲೇ ನಿಂತಿದೆ.

"ಅದು ನಮ್ಮ ಪಟ್ಟಿಯಲ್ಲಿ ಇಲ್ಲ ದೊಡ್ಡಮ್ಮ," ಎನ್ನುತ್ತಾನೆ ಒಗ್ನ್ಯೆನ್ ಕೊನೆಗೆ. "ಕೇಳಿ ಹೇಳ್ತೀನಿ."

"ಕೇಳು. ಜಾಸ್ತಿ ಆದ್ರೆ ಬೇಡ," ಎನ್ನುತ್ತಾರೆ ಪೆರ್ಸಿದಾ. "ಅಲ್ಲೀವರೆಗೆ ನಾನು ಮೇಲೆ ಸತ್ತವರ ಜೊತೆಗೇ ಇರ್ತೀನಿ. ಅಲ್ಲಿ ಎಲ್ಲಾ ನನ್ನ ಪರಿಚಯದವರೇ."